ಇಲ್ಲಿ ನೋಡಿ, ಭಾವ

ಫ್ಲಾಶಿನ ಬೆನ್ನಿನ ಕೆಂಪು ದೀಪ ಇನ್ನೂ ಹೊತ್ತಿರಲಿಲ್ಲ. ಯಲ್ದೂರಿನ ಕಲ್ಯಾಣಮಂಟಪದಲ್ಲಿ, ಹಸೆಮಣೆಯ ಎದುರಿಗೆ, ಭೀಮರಾಜ್ ಕ್ಯಾಮೆರಾವನ್ನು ಕಿವಿಯ ಹತ್ತಿರ ಹಿಡಿದುಕೊಂಡು ನಿಂತಿದ್ದ. ನೋಡಿದವರಿಗೆ ಈ ಫೋಟೋದವನಿಗೆ ತಲೆ ಕೆಟ್ಟಿದೆ ಅನ್ನಿಸಬೇಕು. ಅವನು ಕೇಳಿಸಿಕೊಳ್ಳುತ್ತಿದ್ದದ್ದು ಫ್ಲಾಶಿನ ಒಳಗಿನಿಂದ ಬರುವ ಕುಂಯ್ ಎಂಬ ಸಣ್ಣ ದನಿಯನ್ನು. ಆ ದನಿ ಏರುತ್ತ ಏರುತ್ತ ಹೋಗಿ ಕಿವಿಗೆ ಸಿಗದಷ್ಟು ಸಣ್ಣದಾದಾಗ ದೀಪ ಹೊತ್ತುತ್ತದೆ. ಹೊತ್ತಿದ ಮೇಲೆ ಗುಂಡಿ ಒತ್ತಿದರೆ ಬೆಳಕು ಬೀಳುತ್ತದೆ. ಮೊದಲೇ ಒತ್ತಿದರೆ ಕ್ಯಾಮೆರಾ ಟಕ್ ಅನ್ನುತ್ತದೆ, ಫ್ಲಾಶ್ ಸುಮ್ಮನಿರುತ್ತದೆ, ಫೋಟೋದಲ್ಲಿ ಕತ್ತಲೆ ಬರುತ್ತದೆ. ಇಷ್ಟೇ ವಿದ್ಯೆ. ಒಳ್ಳೇ ಕಂಪನಿಯ ಫ್ಲಾಶ್ ಇಟ್ಟುಕೊಂಡವರು ಪಟಪಟನೆ ಹೊಡೆದುಕೊಂಡು ಹೋಗುತ್ತಾರೆ. ಇವನದು ಬೆಂಗಳೂರಿನಲ್ಲಿ ಅಗ್ಗಕ್ಕೆ ಸಿಕ್ಕ ಚೈನಾ ಮಾಲು. ನಾಲ್ಕು ಪೆನ್ಸಿಲ್ ಸೆಲ್ಲು ತಿನ್ನುತ್ತದೆ, ಒಂದು ಸಲ ಬೆಳಗಿದರೆ ಮತ್ತೆ ಬೆಳಗುವುದಕ್ಕೆ ಅದರ ಕೈಕಾಲು ಹಿಡಿಯಬೇಕು. ಬೆಳಕು ಎಷ್ಟು ಬೇಕೆಂದು ತಾನೇ ತಿಳಿದುಕೊಳ್ಳುವ ಜಾಣತನವೂ ಅದಕ್ಕಿಲ್ಲ; ದೂರ ನೋಡಿ, ಅಂದಾಜು ಮಾಡಿ, ಕೈಯಲ್ಲೇ ತಿರುಗಿಸಬೇಕು. ಆದರೂ ಅದನ್ನು ದೂರುವ ಮುಖ ಅವನಿಗಿರಲಿಲ್ಲ. ಅದು ಯಾವತ್ತೂ ಮೋಸ ಮಾಡಿರಲಿಲ್ಲ. ದೀಪ ಹೊತ್ತಿಲ್ಲ, ಒತ್ತಬೇಡ ಅಂತ ತಂಗಿಯ ಮದುವೆಯ ದಿನವೂ ಅದು ಹೇಳುತ್ತಲೇ ಇತ್ತು. ಇವನೇ ನೋಡಲಿಲ್ಲ.

ಫ್ಲಾಶಿನ ಹಿಂದೆ ಒಂದು ಲಗ್ನಪತ್ರಿಕೆಯನ್ನು ರಬ್ಬರ್ ಬ್ಯಾಂಡು ಸುತ್ತಿ ನಿಲ್ಲಿಸಿದ್ದ. ಬೆಳಕನ್ನು ನೇರವಾಗಿ ಮುಖಕ್ಕೆ ಹೊಡೆದರೆ ಹಣೆಯೆಲ್ಲ ಎಣ್ಣೆ ಸುರಿದಂತೆ ಮಿಂಚಿ, ಹಿಂದಿನ ಗೋಡೆಯ ಮೇಲೆ ಕರೀ ನೆರಳು ಬೀಳುತ್ತದೆ. ಫ್ಲಾಶಿನ ತಲೆಯನ್ನು ಚಾವಣಿಗೆ ತಿರುಗಿಸಿ ಹಿಂದೆ ಒಂದು ಬಿಳೀ ಕಾರ್ಡು ಇಟ್ಟರೆ ಬೆಳಕು ಮೆತ್ತಗಾಗಿ ಬರುತ್ತದೆ. ಯಾವ ಮದುವೆಗೆ ಹೋದರೂ ಆ ಮನೆಯ ಪತ್ರಿಕೆಯನ್ನೇ ಸಿಕ್ಕಿಸಿಕೊಳ್ಳುವುದು ಅವನ ರೂಢಿಯಾಗಿತ್ತು. ಒಂದು ಪಕ್ಕ ಅಚ್ಚು, ಇನ್ನೊಂದು ಪಕ್ಕ ಬಿಳಿ. ಆದರೆ ತಂಗಿ ಶ್ರೀವಾಣಿಯ ಮದುವೆಯ ದಿನ ಸಿಕ್ಕಿಸಿದ್ದನ್ನು ಮಾತ್ರ ಅವನು ಆಮೇಲೆ ತೆಗೆದೇ ಇರಲಿಲ್ಲ. ತೆಗೆಯಲು ಒಂದೆರಡು ಸಲ ಕೈ ಹೋಗಿತ್ತು, ವಾಪಸು ಬಂದಿತ್ತು. ಬಿಳೀ ಪಕ್ಕ ಜನರ ಕಡೆಗೆ, ಅಚ್ಚಿನ ಪಕ್ಕ ಇವನ ಕಡೆಗೆ. ಕ್ಯಾಮೆರಾ ಎತ್ತಿದಾಗಲೆಲ್ಲ ಹುಬ್ಬಿನ ಮೇಲೆ ಚಿ|| ಸೌ|| ಶ್ರೀವಾಣಿ, ಚಿ|| ರಾ|| ಮುನಿಕೃಷ್ಣ. ಈಗ ಮುನಿಕೃಷ್ಣ ಇಲ್ಲ. ಮದುವೆಯಾದ ವರ್ಷವೇ, ಸೋಮವಾರ ಬೆಳಗ್ಗೆ ಮಾಲೂರಿನ ಫ್ಯಾಕ್ಟರಿಗೆ ಬೈಕಿನಲ್ಲಿ ಹೊರಟವನು ಹೆದ್ದಾರಿಯಲ್ಲಿ ಲಾರಿಗೆ ಸಿಕ್ಕಿದ. ಶ್ರೀವಾಣಿ ಹೋಳೂರಿನ ಗಂಡನ ಮನೆಯಲ್ಲಿ ಅತ್ತೆಯ ಜೊತೆಗೇ ಇದ್ದಾಳೆ. ತಿಥಿಯಾದ ಮೇಲೆ ಅಣ್ಣನೊಂದಿಗೆ ಒಂದು ಮಾತೂ ಇಲ್ಲ.

ಇಲ್ಲ ಅಂದರೆ, ನಿನ್ನೆಯವರೆಗೆ ಇರಲಿಲ್ಲ. ನಿನ್ನೆ ಮುಳಬಾಗಿಲಿನ ಸ್ಟುಡಿಯೋದಲ್ಲಿ ಯಾರದೋ ಪಾಸ್‌ಪೋರ್ಟ್ ಸೈಜಿನ ಫೋಟೋಗಳನ್ನು ಕತ್ತರಿಸುತ್ತಿರುವಾಗ ಫೋನು ಬಂತು. "ಅಣ್ಣಾ, ನಾನು. ನಮ್ ಮದ್ವೆ ಆಲ್ಬಮ್ ಕೊಡ್ಲೇ ಇಲ್ವಲ್ಲ ನೀನು. ನಾಳೆ ತಗೊಂಬಾ." ಅಷ್ಟೇ. ಹೇಗಿದ್ದೀಯ ಅಂತ ಇವನು ಕೇಳುವಷ್ಟರಲ್ಲಿ ಇಟ್ಟುಬಿಟ್ಟಳು. ದನಿಯಲ್ಲಿ ಸಿಟ್ಟಿತ್ತೋ ಇಲ್ಲವೋ ಅವನಿಗೆ ತಿಳಿಯಲಿಲ್ಲ. ರಾತ್ರಿಯೆಲ್ಲ ಅದೇ ಎರಡು ಮಾತನ್ನು ಬಾಯಲ್ಲಿ ಹೊರಳಿಸಿ ಹೊರಳಿಸಿ ನೋಡಿದ. 'ಕೊಡ್ಲೇ ಇಲ್ವಲ್ಲ ನೀನು' ಅಂದಳಲ್ಲ, ಆ 'ನೀನು' ಸ್ವಲ್ಪ ಗಟ್ಟಿಯಾಗಿತ್ತೇ? ಆಲ್ಬಮ್ಮು ಅವನ ಹತ್ತಿರ ಎಂದೋ ಸಿದ್ಧವಾಗಿತ್ತು. ಕೊಡಲು ಧೈರ್ಯವಿರಲಿಲ್ಲ. ಮೊದಲು ನಾಚಿಕೆಯಿಂದ ತಡಮಾಡಿದ. ಆಮೇಲೆ ಮುನಿಕೃಷ್ಣ ಹೋದ. ಆಮೇಲೆ ಯಾರಿಗೆ ಅಂತ ಕೊಡುವುದು? ಈಗ ಅದು ಅವನ ಬ್ಯಾಗಿನಲ್ಲಿತ್ತು, ಬ್ಯಾಗು ಹೆಗಲನ್ನು ಜಗ್ಗುತ್ತಿತ್ತು. ಇವತ್ತು ಅವಳು ಅದನ್ನು ತೆಗೆದುಕೊಂಡು ಬಾಗಿಲು ಹಾಕಿಕೊಂಡರೆ ಒಡಹುಟ್ಟಿದವಳು ಅನ್ನುವ ಸಂಬಂಧ ಮುಗಿದಂತೆಯೇ. ಅಮ್ಮ ಮುತ್ಯಾಲಮ್ಮ ಬೆಳಗ್ಗೆ ಕಾಫಿ ಕೊಡುತ್ತ, "ಏನಂದ್ರೂ ಅನ್ನಿಸ್ಕೊಂಡ್ ಬಾ ಕಣಪ್ಪಾ. ಎದುರುತ್ರ ಕೊಡ್ಬೇಡ. ಮಗು ನೊಂದೈತೆ" ಅಂದಿದ್ದಳು. ಅನ್ನಿಸಿಕೊಳ್ಳಲು ಅವನು ತಯಾರಾಗಿಯೇ ಬಂದಿದ್ದ. ಅನ್ನದೆ ಬಿಟ್ಟರೆ ಏನು ಮಾಡುವುದು ಅನ್ನುವುದೇ ಅವನ ಹೆದರಿಕೆ.

ವಾಲಗದವರು ಮತ್ತೆ ಶುರುಮಾಡಿದರು. ಕೆಂಪು ದೀಪ ಹೊತ್ತಿತು. ಹುಡುಗಿಯ ಕೈಗೆ ಅವಳ ಅಣ್ಣ ಬೊಗಸೆ ತುಂಬ ಅಕ್ಕಿ ಹಾಕುತ್ತಿದ್ದ. ಅವನ ಮುಖದಲ್ಲಿ ನೀರಿಳಿಯುತ್ತಿತ್ತು, ಹೊಸ ಪಂಚೆ ಸೊಂಟದಲ್ಲಿ ನಿಲ್ಲುತ್ತಿರಲಿಲ್ಲ. ಭೀಮರಾಜ್ ಒತ್ತಿದ, ಬೆಳಕು ಬಿತ್ತು. ಶ್ರೀವಾಣಿಯ ಮದುವೆಯಲ್ಲಿ ಭೀಮರಾಜನಿಗೂ ಹೊಸ ಪಂಚೆ. ಅಕ್ಕಿ ಹಾಕಬೇಕಾದವನೂ ಅವನೇ, ಅಕ್ಕಿ ಹಾಕುವುದನ್ನು ಫೋಟೋ ತೆಗೆಯಬೇಕಾದವನೂ ಅವನೇ. ಬೇರೆ ಯಾರನ್ನಾದರೂ ಕರಿಯೋ, ನೀನು ಹೆಣ್ಣಿನ ಕಡೆಯವನು, ಓಡಾಡಬೇಕು ಅಂತ ಅಮ್ಮ ಬಡಕೊಂಡಳು. ಕೇಳಬೇಕಲ್ಲ! ನನ್ನ ತಂಗಿಯ ಮದುವೆಗೆ ಇನ್ನೊಬ್ಬ ಬಂದು ಫೋಟೋ ತೆಗೆದರೆ ಈ ಊರಲ್ಲಿ ನಾನು ಬೋರ್ಡು ಹಾಕಿಕೊಂಡು ಯಾಕೆ ಕೂತಿರಬೇಕು ಅಂದ. ವೀಡಿಯೋದವನನ್ನೂ ಬೇಡ ಅಂದವನು ಇವನೇ. ಅವರ ದೊಡ್ಡ ಲೈಟು ಬಂದರೆ ತನ್ನ ಫೋಟೋದ ಬಣ್ಣ ಕೆಡುತ್ತದಂತೆ. ಹೊಸ ಡಿಜಿಟಲ್ ಕ್ಯಾಮೆರಾ ಕೈಗೆ ಬಂದಿದ್ದ ಹೊಸದು, ಹೆಮ್ಮೆ ನೆತ್ತಿಗೇರಿತ್ತು. ಮುಹೂರ್ತಕ್ಕೆ ಮುಂಚೆ ಸೆಲ್ಲು ಬದಲಾಯಿಸಬೇಕು ಅಂದುಕೊಂಡು ಜೇಬಿಗೆ ಹೊಸ ಸೆಲ್ಲು ಹಾಕಿಕೊಂಡಿದ್ದ. ಅಷ್ಟರಲ್ಲಿ ಅಡಿಗೆಯವನು ಬಂದು ಬೇಳೆ ಸಾಲುವುದಿಲ್ಲ ಅಂದ. ಅಂಗಡಿಗೆ ಓಡಿದ. ವಾಪಸು ಬಂದಾಗ ತಾಳಿಯ ತಟ್ಟೆ ಹಿರಿಯರ ಕೈಯಿಂದ ಕೈಗೆ ಹೋಗುತ್ತಿತ್ತು. ಗಂಡಿನ ಸೋದರಮಾವ ಜನರನ್ನು ನೂಕಿಕೊಂಡು ಎದುರಿಗೆ ಬಂದು, ಮೀಸೆ ತಿರುವಿ, "ನಂದೊಂದ್ ತೆಗಿಯಪ್ಪಾ, ಹುಡುಗನ್ ಪಕ್ಕದಾಗೆ" ಅಂದ. ಬೀಗರ ಕಡೆಯವನು, ಇಲ್ಲ ಅನ್ನುವುದು ಹೇಗೆ? ತೆಗೆದ. ಸೋತ ಸೆಲ್ಲಿನಲ್ಲಿ ಉಳಿದಿದ್ದ ಜೀವವೆಲ್ಲ ಆ ಮಾವನ ಮೀಸೆಗೆ ಹೋಯಿತು. ಗಟ್ಟಿಮೇಳ, ಗಟ್ಟಿಮೇಳ ಅಂತ ಪುರೋಹಿತರು ಕೂಗಿದರು. ಆ ಗಲಾಟೆಯಲ್ಲಿ ಫ್ಲಾಶಿನ ಕುಂಯ್ ಯಾರಿಗೆ ಕೇಳಿಸಬೇಕು?

"ಗಟ್ಟಿಮೇಳ! ಗಟ್ಟಿಮೇಳ!" ಯಲ್ದೂರಿನ ಪುರೋಹಿತರು ಬೆರಳಾಡಿಸಿದರು. ಭೀಮರಾಜ್ ದೀಪ ನೋಡಿದ, ಹೊತ್ತಿತ್ತು. ಇನ್ನೊಮ್ಮೆ ನೋಡಿದ, ಹೊತ್ತಿತ್ತು. ಗಂಡು ತಾಳಿ ಹಿಡಿದು ಬಗ್ಗಿದ. ಅಕ್ಷತೆ ಎದ್ದಿತು. ಇವನು ಒತ್ತಿದ, ಕಣ್ಣಿಗೆ ಕತ್ತಲಾಯಿತು. ಇದೊಂದು ವಿಚಿತ್ರ, ಈ ಕಸುಬಿನವರಿಗೆ ಬಿಟ್ಟರೆ ಬೇರೆಯವರಿಗೆ ಗೊತ್ತಿಲ್ಲ. ಇಂಥ ಕ್ಯಾಮೆರಾದ ಒಳಗೆ ಒಂದು ಕನ್ನಡಿ ಇರುತ್ತದೆ, ಎದುರಿಗಿರುವುದನ್ನು ಕಣ್ಣಿಗೆ ತೋರಿಸುವುದು ಅದೇ. ಗುಂಡಿ ಒತ್ತಿದ ಕೂಡಲೇ ಅದು ಟಕ್ಕನೆ ಮೇಲಕ್ಕೆ ಮಡಿಸಿಕೊಳ್ಳುತ್ತದೆ, ಫೋಟೋ ಬಿದ್ದ ಮೇಲೆ ಕೆಳಗಿಳಿಯುತ್ತದೆ. ಅಂದರೆ ಫೋಟೋ ಬೀಳುವ ಆ ಒಂದು ಕ್ಷಣ, ಅದೊಂದೇ ಕ್ಷಣ, ತೆಗೆಯುವವನಿಗೆ ಏನೂ ಕಾಣುವುದಿಲ್ಲ. ಮಂಟಪದಲ್ಲಿರುವ ಅಷ್ಟೂ ಜನ ನೋಡುತ್ತಾರೆ, ಇವನೊಬ್ಬನಿಗೆ ಕತ್ತಲೆ. ಇವನು ಎಷ್ಟು ತಾಳಿಯ ಫೋಟೋ ತೆಗೆದಿದ್ದಾನೆ, ಒಂದನ್ನೂ ಕಟ್ಟುವಾಗ ನೋಡಿಲ್ಲ. ಬೆಳಕು ಬಿತ್ತೋ ಇಲ್ಲವೋ ಅನ್ನುವುದು ಕೂಡ ಆಮೇಲೆ ಕ್ಯಾಮೆರಾದ ಬೆನ್ನಿನ ಪರದೆ ನೋಡಿಯೇ ತಿಳಿಯಬೇಕು. ಬಿದ್ದಿತ್ತು. ಪರದೆಯಲ್ಲಿ ತಾಳಿ, ಗಂಡಿನ ಬೆರಳು, ಅರ್ಧ ಗಾಳಿಯಲ್ಲಿ ನಿಂತ ಅಕ್ಷತೆಕಾಳು ಎಲ್ಲ ಚೊಕ್ಕಟವಾಗಿ ಬಂದಿದ್ದವು.

"ಬಂತಾ?" ಹುಡುಗಿಯ ತಂದೆ ಮುನಿರಾಮಪ್ಪ ಪಕ್ಕದಲ್ಲೇ ನಿಂತಿದ್ದ. ಬಿಳೀ ಜುಬ್ಬ, ಹೆಗಲಿಗೆ ಜರಿ ಟವಲು, ತೋರಿಸಿಕೊಳ್ಳದಿದ್ದರೂ ಒದ್ದೆಯಾದ ಕಣ್ಣು. ಬಂತು ಅಂತ ಭೀಮರಾಜ್ ತೋರಿಸಿದ. ಮುನಿರಾಮಪ್ಪ ಕನ್ನಡಕ ಮೇಲೆತ್ತಿ ಪರದೆಯನ್ನು ನೋಡಿದ. "ಏನಪ್ಪಾ ಇದು, ಅಳಿಯಂದ್ರ ಮಕಾನೇ ಬಿದ್ದಿಲ್ಲ. ಬಗ್ಗಿಬಿಟ್ಟವ್ರೆ. ಇರು, ಇನ್ನೊಂದ್ಸಲ ಕಟ್ಟಿಸಾಣ. ಏನಪ್ಪಾ ಅಳಿಯಾ, ಒಂದ್ ಗಂಟು ಬಿಚ್ಚಿ ಹಂಗೇ ಹಿಡ್ಕೊಂಡು ಈ ಕಡೆ ನೋಡು." ಹುಡುಗ ನಗುತ್ತ ಹುಡುಗಿಯ ಕುತ್ತಿಗೆಯ ಹಿಂದಕ್ಕೆ ಕೈ ಹಾಕಿದ. ತಪ್ಪೇನಿಲ್ಲ, ಎಲ್ಲ ಕಡೆಯೂ ನಡೆಯುತ್ತದೆ. ಕಟ್ಟಿದ ತಾಳಿಯನ್ನು ಫೋಟೋಕ್ಕೆ ಅಂತ ಮತ್ತೆ ಕಟ್ಟಿದ ಹಾಗೆ ಮಾಡುವುದು, ಹೊಸಿಲಲ್ಲಿ ಒಮ್ಮೆ ಒದ್ದ ಸೇರಕ್ಕಿಯನ್ನು ಮತ್ತೆ ಒದೆಸುವುದು. ಎಷ್ಟೋ ಸಲ ಇವನೇ ಹೇಳಿ ಮಾಡಿಸಿದ್ದಾನೆ. ಆದರೆ ಆ ಬೆರಳು ಗಂಟಿನ ಮೇಲೆ ಕೂತದ್ದೇ ತಡ, "ಬಿಚ್ಬೇಡ್ರೀ!" ಅಂತ ಭೀಮರಾಜನ ಬಾಯಿಂದ ಬಂದುಬಿಟ್ಟಿತು. ಕೂಗೇ ಅದು. ವಾಲಗ ನಿಂತಿತು. ಕುರ್ಚಿಯಲ್ಲಿ ಕೂತವರು ಕತ್ತು ಉದ್ದ ಮಾಡಿದರು. ಹುಡುಗಿ ಗಾಬರಿಯಾಗಿ ತಾಳಿಯನ್ನು ಮುಷ್ಟಿಯಲ್ಲಿ ಹಿಡಿದುಕೊಂಡಳು. "ಏನ್ಲಾ ಇವ್ನು, ನಮ್ ಹುಡುಗಿ ಮದ್ವೇಲಿ ಇವ್ನ್ದೇನು ಜೋರು" ಅಂತ ಯಾರೋ ಹಿಂದಿನಿಂದ ಅಂದರು. "ಅದಲ್ಲ... ಚೆನ್ನಾಗ್ ಬಂದೈತೆ ಸಾರ್. ಬೇಡ, ಚೆನ್ನಾಗೇ ಬಂದೈತೆ" ಅಂತ ತೊದಲಿದ. ಮುನಿರಾಮಪ್ಪ ಅವನನ್ನು ಮೇಲಿಂದ ಕೆಳಗಿನವರೆಗೂ ನೋಡಿ, "ಸರಿ ಬಿಡಪ್ಪಾ, ಊಟ ಮಾಡ್ಕೊಂಡ್ ಹೋಗು" ಅಂದ. ಮುಂದಿನ ಫೋಟೋಗಳಿಗೆ ಯಾರೂ ಅವನನ್ನು ಕರೆಯಲಿಲ್ಲ. ತಾನೇ ಹೋಗಿ ಹೋಗಿ ತೆಗೆದ. ಊಟ ಮಾಡದೆ ಬೈಕ್ ಹತ್ತಿದ.

ಶ್ರೀನಿವಾಸಪುರ ದಾಟುವವರೆಗೂ ರಸ್ತೆಯ ಎರಡೂ ಕಡೆ ಮಾವಿನ ತೋಪು. ಹೂ ಬಿಟ್ಟಿತ್ತು, ಔಷಧಿ ಹೊಡೆಯುವವರು ಮೂತಿಗೆ ಬಟ್ಟೆ ಕಟ್ಟಿಕೊಂಡು ನಿಂತಿದ್ದರು. ಶ್ರೀವಾಣಿಯ ಮುಹೂರ್ತದ ಫೋಟೋದಲ್ಲಿ ಅವತ್ತು ಕತ್ತಲೆ ಬಂತು. ಪರದೆಯ ತುಂಬ ಕತ್ತಲೆ, ಮೂಲೆಯಲ್ಲಿ ದೀಪದ ಕಂಬದ್ದೊಂದು ಹಳದಿ ಚುಕ್ಕೆ. ಇನ್ನೆರಡು ಗಂಟು ಬೀಳುವಾಗಲೂ ಒತ್ತಿದ, ದೀಪ ಹೊತ್ತದೆ ಒತ್ತಿದ, ಏನೂ ಬೀಳಲಿಲ್ಲ. ಮೀಸೆಯ ಮಾವ ಹೆಗಲ ಮೇಲಿಂದ ಬಗ್ಗಿ, "ತೋರ್ಸಪ್ಪಾ, ನೋಡಾಣ" ಅಂದ. ಇವನ ಹೆಬ್ಬೆರಳು ತಾನೇ ಹೋಗಿ ಅಳಿಸುವ ಗುಂಡಿಯನ್ನು ಒತ್ತಿತು. ಒಂದು, ಇನ್ನೊಂದು, ಮತ್ತೊಂದು. ಬೀಗರ ಎದುರಿಗೆ ಕರೀ ಫೋಟೋ ಕಂಡರೆ ಮಾನ ಹೋಗುತ್ತದಲ್ಲ! ರೀಲಿನ ಕಾಲದಲ್ಲಿ ಹೀಗೆ ಅಳಿಸಲು ಬರುತ್ತಿರಲಿಲ್ಲ. ಅವನಿಗೆ ಕಸುಬು ಕಲಿಸಿದ ಶ್ರೀನಿವಾಸಪ್ಪನವರು ಬೆಳಕು ಸಾಲದ ನೆಗೆಟಿವ್‌ಗಳನ್ನೂ ಡಬ್ಬಿಯಲ್ಲಿ ಇಡುತ್ತಿದ್ದರು, ಏನಾದರೂ ಎಬ್ಬಿಸಬಹುದು ಕಣೋ ಅನ್ನುತ್ತಿದ್ದರು. ಈ ಡಿಜಿಟಲ್ ಫೋಟೋವನ್ನೂ ಕಂಪ್ಯೂಟರಿಗೆ ಹಾಕಿ ಬೆಳಕು ಏರಿಸಿದ್ದರೆ ಮಸುಕು ಮಸುಕಾಗಿ, ಕಾಳು ಕಾಳಾಗಿ, ಇಬ್ಬರ ಮುಖವಾದರೂ ಎದ್ದು ಬರುತ್ತಿತ್ತು. ಅದು ಗೊತ್ತಿದ್ದೂ ಅಳಿಸಿದ. ಅಳಿಸಿ, ಸೆಲ್ಲು ಬದಲಾಯಿಸಿ, ನಗುನಗುತ್ತ, "ಇನ್ನೊಂದ್ಸಲ ಭಾವ, ಕಡೇ ಗಂಟು ಬಿಚ್ಚಿ, ದಾರ ಕಾಣ್ಲಿ" ಅಂದ. ಬಿಚ್ಚಬಾರದಪ್ಪಾ ಅಂತ ಪುರೋಹಿತರು ಗೊಣಗಿದರು. ಮುನಿಕೃಷ್ಣ ಸಂಕೋಚದ ಮನುಷ್ಯ, ಹೇಳಿದ್ದನ್ನು ಮಾಡುವವನು, ಬಿಚ್ಚಿದ. "ಇಲ್ಲಿ ನೋಡಿ ಭಾವ." ನೋಡಿದ. ಬೆಳಕು ಬಿತ್ತು. ಎಂಥ ಫೋಟೋ! ಇವತ್ತಿಗೂ ಸ್ಟುಡಿಯೋಕ್ಕೆ ಬರುವವರಿಗೆ ತೋರಿಸಬಹುದಾದಂಥ ಫೋಟೋ.

ಮುನಿಕೃಷ್ಣನನ್ನು ಮನೆಯ ಮುಂದೆ ಮಲಗಿಸಿದ್ದ ದಿನ ಶ್ರೀವಾಣಿಯ ಅತ್ತೆ ಬೈರಮ್ಮ ಎದೆ ಬಡಿದುಕೊಂಡು ಇವನನ್ನು ನೋಡಿ ಕೂಗಿದ್ದಳು: "ಬಿಚ್ಚಿಸ್ದೆಯಲ್ಲೋ! ಕಟ್ಟಿದ್ ಗಂಟು ಬಿಚ್ಚಿಸ್ದೆಯಲ್ಲೋ, ಪುಣ್ಯಾತ್ಮಾ!" ಇಡೀ ಊರು ತಿರುಗಿ ನೋಡಿತು. ಶ್ರೀವಾಣಿ ಗೋಡೆಗೆ ಒರಗಿ ಕೂತಿದ್ದವಳು ತಲೆ ಎತ್ತಲಿಲ್ಲ. ಅಲ್ಲ ಅತ್ತೆ, ನಮ್ಮಣ್ಣನದೇನು ತಪ್ಪು ಅಂತ ಅವಳು ಅನ್ನಬಹುದಿತ್ತು. ಅನ್ನಲಿಲ್ಲ. ಅವಳು ಅನ್ನದೆ ಹೋದದ್ದನ್ನು ಭೀಮರಾಜ್ ತನ್ನ ಪಾಲಿನ ತೀರ್ಪು ಅಂತ ಎದೆಯಲ್ಲಿಟ್ಟುಕೊಂಡು ಎದ್ದು ಬಂದ. ತಿಥಿಗೆ ಹೋಗಿ ಹೊರಗಿನ ಚಪ್ಪರದಲ್ಲೇ ಕೂತು, ಉಂಡ ಶಾಸ್ತ್ರ ಮಾಡಿ ಬಂದ. ಯುಗಾದಿಗೆ ಹೋಗಲಿಲ್ಲ, ಗೌರಿಗೆ ಹೋಗಲಿಲ್ಲ. ಹೋಗೋ ಅಂತ ಅಮ್ಮ ಅಂದಾಗಲೆಲ್ಲ ಯಾವುದೋ ಮದುವೆಯ ಆರ್ಡರಿನ ನೆವ ಹೇಳಿದ. ಯಾವ ಮುಖ ಹೊತ್ತುಕೊಂಡು ಹೋಗುವುದು?

ಹೋಳೂರಿನ ಮನೆಯ ಜಗಲಿಯಲ್ಲಿ ಬೈರಮ್ಮ ಮೊರದಲ್ಲಿ ಅವರೆಕಾಳು ಹಸನು ಮಾಡುತ್ತ ಕೂತಿದ್ದಳು. ಬೈಕಿನ ಸದ್ದಿಗೆ ತಲೆ ಎತ್ತಿದಳು. ಅವನು ಕಾಲು ನೆಲಕ್ಕಿಟ್ಟು, ಇಳಿಯಲೋ ಬೇಡವೋ ಅನ್ನುವ ಹಾಗೆ ನಿಂತ. "ರಾ ನಾಯ್ನಾ," ಬಾಪ್ಪಾ ಅಂತ, ಅಂದಳು ಆಕೆ ತನ್ನ ಮನೆಮಾತು ತೆಲುಗಿನಲ್ಲಿ. "ಒಳಗವ್ಳೆ, ಹೋಗು." ದನಿ ಬತ್ತಿಹೋಗಿತ್ತು, ಬೈಗುಳಕ್ಕೆ ಬೇಕಾದ ತ್ರಾಣವೂ ಅದರಲ್ಲಿ ಉಳಿದಿರಲಿಲ್ಲ. ಎಷ್ಟು ಮುದಿಯಾಗಿಬಿಟ್ಟಿದ್ದಾಳೆ ಅನ್ನಿಸಿತು. ಒಳಗೆ ನಡುಮನೆಯ ಗೋಡೆಯಲ್ಲಿ ಮುನಿಕೃಷ್ಣನ ಫೋಟೋ, ಅದರ ಮೇಲೆ ಒಣಗಿದ ಹೂವು. ಫ್ಯಾಕ್ಟರಿಯ ಗುರುತಿನ ಚೀಟಿಯ ಫೋಟೋವನ್ನು ಕೋಲಾರದಲ್ಲಿ ಯಾರ ಕೈಲೋ ದೊಡ್ಡದು ಮಾಡಿಸಿದ್ದರು. ಕಿವಿಯ ಅಂಚೆಲ್ಲ ಕಲಸಿಹೋಗಿತ್ತು. ತನ್ನನ್ನು ಕೇಳಲೇ ಇಲ್ಲವಲ್ಲ ಅಂತ ತಿಥಿಯ ದಿನ ಎದೆಯಲ್ಲಿ ಚುಚ್ಚಿದ್ದು ಇವತ್ತೂ ಚುಚ್ಚಿತು. ಕೇಳಿದ್ದರೆ ಏನು ಕೊಡುತ್ತಿದ್ದೆ ಅಂತ ತನ್ನನ್ನೇ ಕೇಳಿಕೊಂಡ.

ಶ್ರೀವಾಣಿ ಅಡಿಗೆಮನೆಯಿಂದ ಕೈ ಒರೆಸಿಕೊಳ್ಳುತ್ತ ಬಂದಳು. ಸೊರಗಿದ್ದಳು. ಬರೀ ಹಣೆ, ಬರೀ ಕುತ್ತಿಗೆ. ಅಣ್ಣನನ್ನು ನೋಡಿ ನಗಲು ಹೋದಳು, ಅದು ಆಗಲಿಲ್ಲ. ನೀರು ತಂದಿಟ್ಟಳು. "ಅಮ್ಮ ಹೆಂಗವ್ಳೆ?" ಅಂದಳು. "ಅವ್ಳೆ" ಅಂದ. ಅವನು ಬ್ಯಾಗಿನಿಂದ ಆಲ್ಬಮ್ಮು ತೆಗೆದು ಚಾಪೆಯ ಮೇಲಿಟ್ಟ. ಅವಳು ಸೆರಗಿನಿಂದ ಅದರ ಮೇಲಿನ ಧೂಳು ಒರೆಸಿದಳು, ಧೂಳೇನೂ ಇರಲಿಲ್ಲ.

ಅವಳು ಒಂದೊಂದೇ ಹಾಳೆ ತಿರುವತೊಡಗಿದಳು. ಅವನು ಅವಳ ಬೆರಳನ್ನೇ ನೋಡುತ್ತಿದ್ದ. ಚಪ್ಪರ, ಅರಿಶಿನ, ಕಾಲುಂಗುರ. ಮುಹೂರ್ತದ ಹಾಳೆ ಬಂತು, ಆ ಹೊಳೆಯುವ ಸುಳ್ಳು ಫೋಟೋ. ಈಗ ಅನ್ನುತ್ತಾಳೆ ಅಂದುಕೊಂಡ. ಬೆರಳು ನಿಲ್ಲಲಿಲ್ಲ, ಹಾಳೆ ತಿರುವಿತು. ಕೊನೆಯವರೆಗೂ ಹೋದಳು. ಕೊನೆಯಿಂದ ಮತ್ತೆ ಹಿಂದಕ್ಕೆ ಬಂದಳು. ಕೆಲವು ಕಡೆ ಬಗ್ಗಿ, ಮೂಗು ತಾಗುವಷ್ಟು ಹತ್ತಿರ ಹೋಗಿ ನೋಡಿದಳು.

"ಏನ್ ಹುಡುಕ್ತಿದೀಯಮ್ಮಾ?"

"ಏನಿಲ್ಲ." ಇನ್ನೊಂದು ಹಾಳೆ ತಿರುವಿದಳು. "ಎಲ್ಲಾದ್ರಾಗೂ ನಿನ್ ಕಡೇನೇ ನೋಡ್ತವ್ರಲ್ಲಣ್ಣಾ."

ಅವನಿಗೆ ಅರ್ಥವಾಗಲಿಲ್ಲ. ಆಲ್ಬಮ್ಮನ್ನು ತನ್ನ ಕಡೆ ತಿರುಗಿಸಿಕೊಂಡು ನೋಡಿದ. ಹೌದು. ಬಾಸಿಂಗ ಕಟ್ಟಿದಾಗ, ಹಾರ ಹಾಕುವಾಗ, ಅಂತರಪಟ ಸರಿದಾಗ, ಊಟದೆಲೆಯ ಮುಂದೆ ಕೂತು ಇವಳ ಬಾಯಿಗೆ ಸಿಹಿ ಇಡುವಾಗ ಕೂಡ, ಕೈ ಇವಳ ಬಾಯಿಯ ಹತ್ತಿರ, ಕಣ್ಣು ಕ್ಯಾಮೆರಾದ ಕಡೆ. "ಇಲ್ಲಿ ನೋಡಿ ಭಾವ, ಇಲ್ಲಿ ನೋಡಿ ಭಾವ ಅಂತ ನೀನು ಕೂಗ್ತಾನೇ ಇದ್ದೆ," ಅಂದಳು ಶ್ರೀವಾಣಿ. ಬೈಯುತ್ತಿರಲಿಲ್ಲ, ಸುಮ್ಮನೆ ಹೇಳುತ್ತಿದ್ದಳು. "ಅವರೂ ಪಾಪ ನೋಡ್ತಾನೇ ಇದ್ರು. ಹೇಳ್ದಂಗೆ ಕೇಳೋ ಮನುಷ್ಯ. ಒಂದ್ರಾಗಾದ್ರೂ ನನ್ನ ನೋಡ್ತವ್ರಾ ಅಂತ ಹುಡುಕ್ದೆ. ಒಂದೂ ಇಲ್ಲ."

ಅವನಿಗೆ ತಡೆಯಲಾಗಲಿಲ್ಲ. "ತಪ್ಪಾಯ್ತು ವಾಣಿ. ಆ ಗಂಟು ನಾನು ಬಿಚ್ಚಿಸ್ಬಾರ್ದಾಗಿತ್ತು. ನನ್ ಕೊಬ್ಬು ಅದು. ಅದ್ರಿಂದ್ಲೇ..."

"ಯಾವ್ ಗಂಟು?" ಅವಳು ನಿಜಕ್ಕೂ ತಿಳಿಯದವಳಂತೆ ನೋಡಿದಳು. ಆಮೇಲೆ ತಿಳಿಯಿತು. "ಅಯ್ಯೋ, ಅದಾ! ಗಂಟು ನೋಡ್ಕೊಂಡು ಲಾರಿ ಬರುತ್ತೇನಣ್ಣಾ? ಅತ್ತೆ ಸಂಕಟಕ್ಕೆ ಅಂದ್ರು. ಅವತ್ತು ಯಾರು ಏನಂದ್ರೋ ನನ್ ಕಿವಿಗೇ ಬಿದ್ದಿಲ್ಲ." ಆಲ್ಬಮ್ಮಿನಿಂದ ಕೈ ತೆಗೆದಳು. "ಅದಕ್ಕಾ ನೀನು ಇಷ್ಟ್ ದಿನ ಬರ್ದೇ ಇದ್ದಿದ್ದು? ಹಬ್ಬಕ್ಕೂ ಬರ್ಲಿಲ್ಲ. ವಿಧವೆ ಆದ್ಲು, ಇನ್ ಇವಳ ಸಹವಾಸ ಯಾಕೆ ಅಂತ ಬಿಟ್ಟೇನೋ ಅಂದ್ಕೊಂಡಿದ್ದೆ."

ಭೀಮರಾಜ್ ಚಾಪೆಯ ಅಂಚನ್ನು ಕೀಳುತ್ತ ಕೂತ. ಅವಳು ಅವನನ್ನು ಬಿಟ್ಟಳು ಅಂತ ಇವನು ಅಳುತ್ತಿದ್ದ ಅಷ್ಟೂ ದಿನ ಅವಳು ಬಾಗಿಲು ನೋಡುತ್ತ ಕೂತಿದ್ದಳು. ತನ್ನ ತಪ್ಪನ್ನು ಇಷ್ಟು ಜೋಪಾನವಾಗಿ ಸಾಕಿಕೊಂಡಿದ್ದವನು ತಂಗಿಯನ್ನು ಒಂದು ಸಲ ಬಂದು ನೋಡಲಿಲ್ಲ. ಛೀ ಅನ್ನಿಸಿತು. ಕಣ್ಣೀರು ತಾನಾಗಿ ಇಳಿಯಿತು, ಒರೆಸಿಕೊಳ್ಳಲಿಲ್ಲ.

"ಅಳ್ಬೇಡ ಸುಮ್ಕಿರು. ನಂಗೊಂದ್ ವಿಷ್ಯ ಹೇಳು, ಅದಕ್ಕೇ ಕರೆದಿದ್ದು." ಶ್ರೀವಾಣಿ ಜಗಲಿಯ ಕಡೆ ನೋಡಿ ದನಿ ತಗ್ಗಿಸಿದಳು. "ತಿಥಿ ದಿನ ಅವರ್ ಕಡೆ ಹೆಂಗಸ್ರು ಮಾತಾಡ್ಕೊಂಡಿದ್ದು ಕೇಳಿಸ್ಕೊಂಡೆ. ಮಾಲೂರಾಗೆ ಒಂದ್ ಹುಡುಗಿ ಇದ್ಲಂತೆ. ಅವಳ್ನೇ ಮಾಡ್ಕೊಂತೀನಿ ಅಂತಿದ್ರಂತೆ. ಅತ್ತೆ ಹಟ ಮಾಡಿ ನನ್ನ ತಂದ್ರಂತೆ. ನಿಜಾನೋ ಸುಳ್ಳೋ ಯಾರ್ನ ಕೇಳ್ಲಿ? ವಾರಕ್ಕೊಂದ್ ದಿನ ಬರ್ತಿದ್ರು, ಮಾತು ಕಮ್ಮಿ, ಬೈತಾ ಇರ್ಲಿಲ್ಲ. ಅಷ್ಟೇ ನನಗ್ ಗೊತ್ತಿರೋದು. ಮನಸ್ಸಿಟ್ಟು ಕಟ್ಟಿದ್ರಾ, ಇಲ್ಲಾ ತಾಯಿ ಹೇಳಿದ್ರು ಅಂತ ಕಟ್ಟಿದ್ರಾ? ಮೊದಲ್ನೇ ಸಲ ತೆಗೆದೆಯಲ್ಲ, ಬೆಳಕು ಬೀಳದೇ ಇದ್ದಿದ್ದು, ಅದ್ರಾಗೆ ನೋಡಿದ್ರೆ ತಿಳೀತಿತ್ತು. ಅದೊಂದಕ್ಕೆ ನೀನು ಇಲ್ಲಿ ನೋಡಿ ಅಂದಿರ್ಲಿಲ್ಲ."

"ವಾಣಿ, ಅದು..."

"ಗೊತ್ತು. ಅಳಿಸ್ಬಿಟ್ಟೆ. ನಾನು ತಲೆ ತಗ್ಗಿಸ್ಕೊಂಡು ಕೂತಿದ್ನಲ್ಲ, ನಿನ್ ಕೈಯೇ ಕಾಣ್ತಿತ್ತು. ಹೋಗ್ಲಿ ಬಿಡು. ಕಣ್ಣಲ್ಲಾದ್ರೂ ನೋಡಿದೀಯಲ್ಲ. ಮಿಕ್ಕೋರೆಲ್ಲ ಅಕ್ಷತೆ ಎಸೀತಿದ್ರು. ನೆಟ್ಟಗೆ ಎದುರಿಗೆ ನಿಂತಿದ್ದೋನು ನೀನೊಬ್ನೇ. ಮೊದಲ್ನೇ ಗಂಟು ಹಾಕೋವಾಗ ಅವರು ಎಲ್ಲಿ ನೋಡ್ತಿದ್ರಣ್ಣಾ?"

ಭೀಮರಾಜ್ ಕಣ್ಣು ಮುಚ್ಚಿದ. ಮಂಟಪ, ಗಟ್ಟಿಮೇಳ, ಬಗ್ಗುತ್ತಿರುವ ಮುನಿಕೃಷ್ಣ, ಬೆರಳು ಗುಂಡಿಯ ಮೇಲೆ. ಒತ್ತಿದ. ಕನ್ನಡಿ ಮೇಲೆದ್ದಿತು. ಕತ್ತಲೆ. ಎಷ್ಟು ಸಲ ನೆನೆದರೂ ಅಲ್ಲಿಗೆ ಬಂದು ಕತ್ತಲೆ. ಕ್ಯಾಮೆರಾದಲ್ಲೂ ಇಲ್ಲ, ಕಣ್ಣಲ್ಲೂ ಇಲ್ಲ. ನಾನು ನೋಡಲಿಲ್ಲ ಕಣಮ್ಮಾ, ನಮಗೆ ಆ ಕ್ಷಣ ಕಾಣುವುದಿಲ್ಲ ಅಂತ ಹೇಳಬೇಕು. ಬಾಯಿ ತೆರೆದ. ಅವಳು ಅವನ ತುಟಿಯನ್ನೇ ನೋಡುತ್ತಿದ್ದಳು.

"ನಿನ್ನೇ ನೋಡ್ತಿದ್ರು," ಅಂದ.

"ನಿಜವಾಗ್ಲೂ?"

"ನಿಜವಾಗ್ಲೂ."

"ಹೆಂಗೆ? ನಗ್ತಿದ್ರಾ?"

"ಇಲ್ಲ. ನಗ್ತಿರ್ಲಿಲ್ಲ." ಎಲ್ಲಿಂದ ಬರುತ್ತಿತ್ತೋ ಅವನಿಗೇ ತಿಳಿಯದು. "ಹೆದರಿದಂಗಿದ್ರು. ನಿನ್ ಕುತ್ತಿಗೇನೇ ನೋಡ್ತಾ, ಗಂಟು ಎಲ್ಲಿ ಬಿಗಿಯಾಗುತ್ತೋ, ಎಲ್ಲಿ ಇವಳಿಗೆ ನೋಯುತ್ತೋ ಅನ್ನೋ ಹಂಗೆ. ಹಾರದ ಹೂವು ಕಣ್ಣಿಗೆ ಅಡ್ಡ ಬರ್ತಿತ್ತು. ತಲೆಯಲ್ಲೇ ಹಂಗೆ ಸರಿಸ್ಕೊಂಡು ಮತ್ತೆ ನಿನ್ನೇ ನೋಡಿದ್ರು."

ಶ್ರೀವಾಣಿಯ ಕೈ ತನ್ನ ಬರೀ ಕುತ್ತಿಗೆಯ ಹಿಂಭಾಗಕ್ಕೆ ಹೋಯಿತು. "ಹೌದಣ್ಣಾ," ಅಂದಳು. "ಹೌದು. ಸಡಿಲವಾಗೇ ಕಟ್ಟಿದ್ರು. ಬೆರಳು ಕೂಡ ತಾಕದಂಗೆ. ಆಮೇಲೆ ನಾದಿನಿ ಬಿಗಿ ಮಾಡಿದ್ಲು." ಅಷ್ಟು ಹೇಳಿ ಮೊಣಕಾಲಿಗೆ ಮುಖವಿಟ್ಟು ಅತ್ತಳು. ಹೊರಗೆ ಮೊರದ ಸದ್ದು ನಿಂತಿತು. ಬೈರಮ್ಮ ಒಳಕ್ಕೆ ಬರಲಿಲ್ಲ. ಬಹಳ ಹೊತ್ತಾದ ಮೇಲೆ ಮೂಗು ಒರೆಸಿಕೊಂಡು ತಲೆ ಎತ್ತಿದಳು. ಮುಖ ಹಗುರವಾಗಿತ್ತು. "ನಿನ್ ಫ್ಲಾಶು ಬೀಳ್ದೇ ಇದ್ದಿದ್ದೇ ಒಳ್ಳೇದಾಯ್ತು ಬಿಡು. ಬಿದ್ದಿದ್ರೆ ಅವಾಗ್ಲೂ ನನ್ನ ಬಿಟ್ಟು ನಿನ್ ಕಡೆ ತಿರುಗಿಬಿಡ್ತಿದ್ರು." ಆಲ್ಬಮ್ಮನ್ನು ಮುಚ್ಚಿ, ಅವನ ಕಡೆಗೆ ಸರಿಸಿದಳು. "ಇದು ನಂಗ್ ಬೇಡಣ್ಣಾ, ನೀನೇ ಇಟ್ಕೋ. ನೀನ್ ಹೇಳಿದ್ಯಲ್ಲ, ಅದೊಂದು ಸಾಕು ನಂಗೆ. ಹಬ್ಬಕ್ಕೆ ಬಾ."

ಬರುತ್ತೇನೆ ಅಂದ. ಆಲ್ಬಮ್ಮನ್ನು ಮತ್ತೆ ಬ್ಯಾಗಿಗೆ ಹಾಕಿದ. ಹೊಸಿಲು ದಾಟಿ, ಚಪ್ಪಲಿ ಮೆಟ್ಟಿಕೊಂಡು, ತಿರುಗಿ ನೋಡಿದ. ಶ್ರೀವಾಣಿ ಎದ್ದಿರಲಿಲ್ಲ. ಗೋಡೆಯ ಫೋಟೋವನ್ನು ನೋಡುತ್ತ ಕೂತಿದ್ದಳು, ಕೈ ಇನ್ನೂ ಕುತ್ತಿಗೆಯ ಹಿಂದೆಯೇ ಇತ್ತು. ಕಸುಬಿನವನ ಕೈ, ತಾನೇ ಕ್ಯಾಮೆರಾ ಎತ್ತಿತು, ಫ್ಲಾಶಿನ ಗುಂಡಿ ಹಾಕಿತು. ಕುಂಯ್ ಅಂತ ದನಿ ಏರಿತು. ಹುಬ್ಬಿನ ಮೇಲೆ ಇಬ್ಬರ ಹೆಸರು. ಕೆಂಪು ದೀಪ ಹೊತ್ತಿತು. ಇಲ್ಲಿ ನೋಡಮ್ಮ ಅನ್ನಲು ಅವನಿಗೆ ಬಾಯಿ ಬರಲಿಲ್ಲ. ಬೆರಳು ಗುಂಡಿಯ ಮೇಲೆ ಕೂತಿತು, ಒತ್ತಲಿಲ್ಲ. ಒತ್ತಿದರೆ ಕಣ್ಣಿಗೆ ಕತ್ತಲಾಗುತ್ತದೆ. ಅವಳು ಗಂಡನನ್ನು ನೋಡುವುದನ್ನು ನೋಡುತ್ತ ನಿಂತ.